ನಲವತ್ತು ಸೆಕೆಂಡಿಗೊಮ್ಮೆ

ನಮ್ಮ ತಾರ್ತುವಿನ ಈ ಕೇರಿಯ ಬೀದಿಗಳಿಗೆಲ್ಲ ತರಕಾರಿಯ ಹೆಸರು.
ಬಟಾಣಿ ಬೀದಿ, ಆಲೂಗಡ್ಡೆ ಬೀದಿ, ಹುರುಳಿಕಾಯಿ ಬೀದಿ.
ಮರದ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ,
ಒಂದಕ್ಕೆ ಕಿಡಿ ತಗುಲಿದರೆ ಬೀದಿಗೆ ಬೀದಿಯೇ ಸೀದ ಪಲ್ಯ.
ಅದಕ್ಕೇ ನನಗೊಂದು ಏಣಿ, ಒಂದು ಚೀಲ, ತಿಂಗಳ ಸಂಬಳ.

ಜನವರಿ. ಮೈನಸ್ ಹತ್ತೊಂಬತ್ತು.
ಏಂಡೆಲ್ ಫೋನಿನಲ್ಲಿ ಅಳುವುದೊಂದು ಬಾಕಿ:
"ಮೇಲಿನ ಮನೆಯಲ್ಲಿ ಏನೋ ಕೂತು ಚಿಲಿಕ್ ಅನ್ನುತ್ತದೆ,
ನಲವತ್ತು ಸೆಕೆಂಡಿಗೊಮ್ಮೆ, ಎಣಿಸಿದ್ದೇನೆ,
ಮೂರು ರಾತ್ರಿ ಆಯಿತು.
ಹಗಲು ಯಾರನ್ನಾದರೂ ಕರೆತಂದರೆ ಮಹಾಶಯ ಮೌನ.
ಬಾಗಿಲು ಬಡಿದೆ, ಹಿಮ ಗುಡಿಸುವ ಪೊರಕೆಯ ಹಿಡಿಯಿಂದ ಸೂರು ಕುಟ್ಟಿದೆ,
ಆ ಹೆಂಗಸಿಗೆ ಕೇಳುವುದೇ ಇಲ್ಲ!"

ನಿಜ, ಕೇಳುವುದಿಲ್ಲ.
ವೈಕೆ ಹುಟ್ಟಿದಾಗಿನಿಂದ ಕಿವುಡಿ.
ನಮ್ಮ ಮಾತಿನಲ್ಲಿ ಆ ಹೆಸರು ಮೌನಕ್ಕೆ ತೀರ ಹತ್ತಿರದ ನೆಂಟ;
"ಹೆಸರಿಟ್ಟಾಗ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ" ಎಂದು
ಆಮೇಲೆ ಚೀಟಿಯಲ್ಲಿ ಬರೆದು ನಕ್ಕಳು.
ಮೆಟ್ಟಿಲ ದೀಪ ನಾಲ್ಕು ಸಲ ಆರಿಸಿ ಹೊತ್ತಿಸಿದೆ,
ಬಾಗಿಲ ಮೇಲಿನ ಗಾಜು ಕಣ್ಣು ಮಿಟುಕಿಸಿತು, ಬಂದಳು,
ಬೆರಳ ತುದಿಗೆಲ್ಲ ಪುಸ್ತಕ ಕಟ್ಟುವ ಅಂಟು.

ಏಣಿ ಹತ್ತಿದೆ.
ಗೋಡೆ ಸೂರಿಗೆ ಸೇರುವ ಮೂಲೆಗೆ ಒತ್ತರಿಸಿ ಬಡಿದಿದ್ದಾರೆ,
ಹೊಗೆ ಕೊನೆಗೆ ತಲುಪುವ ಜಾಗಕ್ಕೆ!
ಮೂಗಿನ ಹೊಳ್ಳೆಗಳಿಗೆ ಸುಣ್ಣದ ಬಣ್ಣ,
ಒಳಗೆ ಸಂಸಾರ ಹೂಡಿದ ಜೇಡ,
ಬೆನ್ನ ಮೇಲಿನ ತಾರೀಖು ಹದಿನಾಲ್ಕು ವರ್ಷ ಹಳೆಯದು.
ಇದಕ್ಕೆ ಹತ್ತೇ ವರ್ಷ ಆಯಸ್ಸು.
ಮನೆ ಮಾಲೀಕ ಕಾನೂನಿಗೆ ಹಾಕಿದ ಕೈಮುಗಿತ, ಅಷ್ಟೆ.
ಬೆಳಗಿನ ಜಾವ ಒಲೆ ಆರಿದಾಗ ಬ್ಯಾಟರಿ ಚಳಿಗೆ ಮುದುಡುತ್ತದೆ,
ಆಗ ನರಳುತ್ತದೆ; ಒಲೆ ಉರಿದರೆ ಮತ್ತೆ ಸೋಗಿನ ಆರೋಗ್ಯ.
(ನನ್ನ ಮನೆಯದನ್ನು ಕೇಳಬೇಡಿ.
ಅದರ ಬ್ಯಾಟರಿ ಮಗಳ ಗಿಟಾರಿನ ಹೊಟ್ಟೆಯಲ್ಲಿದೆ.)

ಹೊಸದನ್ನು ಸೂರಿನ ನಟ್ಟನಡುವೆ ಕೂರಿಸಿದೆ,
ಅಡುಗೆಯ ಆವಿಗೆ ದೂರ, ಮಂಚಕ್ಕೆ ಹತ್ತಿರ.
ಕಿರುಚಿದರೆ ಜೊತೆಗೇ ಮಿಂಚುವ ದೀಪವೊಂದು,
ದಿಂಬಿನಡಿಗೆ ನಡುಗುವ ಬಿಲ್ಲೆಯೊಂದು.
ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಪರೀಕ್ಷೆ ಮಾಡಿದಳು,
ಕೈಗೆ ಸಿಕ್ಕ ಮೀನಿನಂತೆ ಅದು ಒದ್ದಾಡಿತು.

ಬಾಗಿಲಾಚೆ ಯಾರು ಬಂದರೂ ಒಳಗೆ ನೀಲಿ ದೀಪ ಹತ್ತಲೆಂದು
ಚಲನೆಯ ಸೆನ್ಸರ್ ಒಂದನ್ನೂ ಬಿಗಿದೆ.
ತಪ್ಪು ಮಾಡಿದೆ. ಹೊಗೆಗೂಡಿನ ಬಿಸಿ ಬೆನ್ನಿಗೆ ಎದುರಾಗಿಟ್ಟೆ.
ಅದಕ್ಕೆ ಮುಖ ಕಾಣದು, ಅಲುಗುವ ಬಿಸುಪು ಮಾತ್ರ ಕಾಣುವುದು.
ಬಿಸಿಗಾಳಿಯೇ ಮೆಟ್ಟಿಲೇರಿ ಬರುತ್ತಿತ್ತು.
ಒಂದೇ ಸಂಜೆ ಹನ್ನೊಂದು ಸಲ ಬಾಗಿಲು ತೆರೆದು
ಯಾರೂ ಇಲ್ಲದ್ದನ್ನು ನೋಡಿದಳಂತೆ.
ಮರುದಿನದ ಚೀಟಿ:
"ನಿಮ್ಮ ಯಂತ್ರಕ್ಕೆ ನನಗಿಂತ ಹೆಚ್ಚು ನೆಂಟರು."
ಎದುರು ಮೂಲೆಗೆ ಸರಿಸಿದೆ, ಮೆಟ್ಟಿಲಿಗೆ ಅಡ್ಡಲಾಗಿ.

ಇನ್ನು ಉಳಿದದ್ದು ತಿಂಗಳ ಪರೀಕ್ಷೆ.
ಬ್ರಶ್‌ನಿಂದ ಧೂಳು ತೆಗೆ, ಗುಂಡಿ ಒತ್ತು.
ದೀಪ ಮಿಂಚಿದ್ದು ಅವಳಿಗೆ ಕಾಣುತ್ತದೆ, ಬಿಲ್ಲೆ ನಡುಗಿದ್ದು ತಿಳಿಯುತ್ತದೆ.
ಕೂಗಿದ್ದು?
ಕೂಗು ಕೆಳಗಿನವನಿಗೂ ಬೇಕಲ್ಲ, ಸೂರು ಅವನದೂ ಹೌದಲ್ಲ.

ಪ್ರತಿ ತಿಂಗಳ ಒಂದನೇ ತಾರೀಖು, ಸಂಜೆ ಆರು ಗಂಟೆ,
ಏಂಡೆಲ್ ಉಣ್ಣೆಯ ಚಪ್ಪಲಿ ಮೆಟ್ಟಿ, ಗೊಣಗುತ್ತ,
ಪೊರಕೆ ತಲೆಕೆಳಗು ಹಿಡಿದು ನಿಲ್ಲುತ್ತಾನೆ.
ಮೇಲೆ ವೈಕೆ ಕಂಬಳಿ ಸರಿಸಿ ಬರಿಗಾಲಲ್ಲಿ.
ಅವಳು ಒತ್ತುತ್ತಾಳೆ. ಅವನು ಕಿವಿ ಮುಚ್ಚಿ,
ಎರಡು ಸಲ ಕುಟ್ಟುತ್ತಾನೆ: ಕೇಳಿಸಿತು.
ಹಲಗೆಯಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಮೊಣಕಾಲಿಗೆ
ಆ ಉತ್ತರ ಹತ್ತುತ್ತದೆ.

ಏಪ್ರಿಲಿನಲ್ಲಿ ಮೂರು ಸಲ ಕುಟ್ಟಿದ.
ಮೂರನೆಯದು ಯಾಕೆಂದು ಚೀಟಿ ಇಳಿದು ಬಂತು.
ಪೊರಕೆ ಜಾರಿತು, ಎಂದು ಬರೆದು ಕಳಿಸಿದ.